ಕಡಲ ಕೆಸರಿನ ಸೀಸಕ್ಕೆ ನರಸೀಪುರದ ಹೊಳೆದಂಡೆಯ ಮಣ್ಣು

ಪೂಂಪುಹಾರ್ ಬಳಿ ಕಾವೇರಿ ಸಮುದ್ರ ಸೇರುವ ಕಡೆ ತಳದ ಕೆಸರಿನಲ್ಲಿರುವ ಸೀಸದಲ್ಲಿ ಎಷ್ಟು ಪಾಲು ಮನುಷ್ಯರು ಸೇರಿಸಿದ್ದು, ಎಷ್ಟು ಪಾಲು ನದಿಯೇ ಹೊತ್ತು ತಂದದ್ದು ಎಂದು ಬೇರ್ಪಡಿಸಬೇಕಾದರೆ, ಮೊದಲು ಆ ನದಿಯ ಮೇಲ್ಭಾಗದ ಹಳೆಯ ಮಣ್ಣಿನ ಗುಣ ತಿಳಿದಿರಬೇಕು. ಆ ಮಣ್ಣಿಗಾಗಿ ಮಾಘ ಮಾಸದ ಒಂದು ಬೆಳಿಗ್ಗೆ ನಾನು ಮತ್ತು ಸಹೋದ್ಯೋಗಿ ಮೈಸೂರಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋದೆವು. ಕೊಡಗಿನಿಂದ ಬರುವ ಕಾವೇರಿಯೂ ವಯನಾಡಿನಿಂದ ಬರುವ ಕಪಿಲೆಯೂ ಅಲ್ಲಿ ಕೂಡುವುದರಿಂದ, ಸಂಗಮಕ್ಕಿಂತ ಮೇಲೆ ಎರಡು ಹೊಳೆಗಳ ದಡದಿಂದಲೂ ಸಂಗಮದ ಕೆಳಗಿನಿಂದಲೂ ಮಾದರಿ ತೆಗೆದರೆ ಎರಡರ ಪಾಲನ್ನೂ ಪ್ರತ್ಯೇಕವಾಗಿ ಅರಿಯಬಹುದು.

ನಾವು ದಡ ಕೆರೆಯುತ್ತಿದ್ದುದನ್ನು ಕಂಡು ಹತ್ತಿರದಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು, "ಏನ್ ಸಾ, ಮರಳಿನ ಸರ್ವೆನಾ?" ಎಂದು ಕೇಳಿದರು. ಮರಳಿನ ವಿಷಯವಲ್ಲ, ಸಮುದ್ರದ ಕೆಸರಿನಲ್ಲಿರುವ ಸೀಸದ ವಿಷಯ ಎಂದೆ. "ಸಮುದ್ರದ್ದನ್ನ ಸಮುದ್ರದಲ್ಲಿ ಹುಡುಕೋದು ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?" ಎಂದರು. ಪ್ರಶ್ನೆ ನ್ಯಾಯವಾದದ್ದಾಗಿತ್ತು. ಕೈಕೆಲಸ ನಿಲ್ಲಿಸಿ ಕುಳಿತು ವಿವರಿಸಿದೆ.

ಸೀಸ ಒಂದೇ ಆದರೂ ಅದರಲ್ಲಿ ತೂಕದಿಂದ ಬೇರೆಯಾದ ನಾಲ್ಕು ಸ್ಥಿರ ಐಸೋಟೋಪುಗಳಿವೆ: 204, 206, 207 ಮತ್ತು 208. ಇವುಗಳಲ್ಲಿ 204 ಭೂಮಿ ಹುಟ್ಟಿದಾಗ ಇದ್ದಷ್ಟೇ ಇದೆ. 206 ಯುರೇನಿಯಂ-238ರಿಂದಲೂ, 207 ಯುರೇನಿಯಂ-235ರಿಂದಲೂ, 208 ಥೋರಿಯಂ-232ರಿಂದಲೂ ನಿಧಾನವಾಗಿ ಹುಟ್ಟುತ್ತಲೇ ಇರುತ್ತವೆ. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ ವರ್ಷ. ವೇಗ ಬೇರೆಯಾದ್ದರಿಂದ 206ಕ್ಕೂ 207ಕ್ಕೂ ಇರುವ ಪ್ರಮಾಣ ಕಾಲ ಕಳೆದಂತೆ ಬದಲಾಗುತ್ತ ಹೋಗುತ್ತದೆ. ಸೀಸವು ಅದಿರಾಗಿ ಯುರೇನಿಯಂನಿಂದ ಬೇರ್ಪಟ್ಟ ಕ್ಷಣಕ್ಕೆ ಈ ಪ್ರಮಾಣ ಅಲ್ಲಿಗೇ ನಿಂತುಬಿಡುತ್ತದೆ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯ ಸೀಸದಲ್ಲಿ 206ಕ್ಕೂ 207ಕ್ಕೂ ಇರುವ ಅನುಪಾತ ಸುಮಾರು 1.04, ಅಮೆರಿಕದ ಮಿಸ್ಸೂರಿಯ ಅದಿರಿನಲ್ಲಿ 1.3ರ ಆಸುಪಾಸು. ಕುಲುಮೆಯಲ್ಲಿ ಕರಗಿಸಿದರೂ, ಪೆಟ್ರೋಲಿಗೆ ಬೆರೆಸಿ ಉರಿಸಿದರೂ, ಬಣ್ಣವಾಗಿ ಗೋಡೆಗೆ ಬಳಿದರೂ ಈ ಅನುಪಾತ ಬದಲಾಗುವುದಿಲ್ಲ. ಕ್ಯಾಲಿಫೋರ್ನಿಯಾದ ದಕ್ಷಿಣ ಕರಾವಳಿಯ ಕೆಸರಿನಲ್ಲಿ ಪೆಟ್ರೋಲಿನ ಸೀಸವನ್ನು ವಿಜ್ಞಾನಿಗಳು 1973ರಲ್ಲೇ ಗುರುತಿಸಿದ್ದರ ಹಿಂದೆ ಇದ್ದದ್ದು ಈ ಗುಣವೇ.

ಯಜಮಾನರು ತಲೆದೂಗಿದರು. "ಹಂಗಾದ್ರೆ ಇಲ್ಲಿನ ಬಂಡೆ ಒಡ್ಕೊಂಡೋದ್ರೆ ಸಾಲ್ದಾ?" ಎಂದು ಮತ್ತೆ ಕೇಳಿದರು. ಇಡೀ ಕೆಲಸದ ಕಷ್ಟವಿರುವುದು ಇದೇ ಪ್ರಶ್ನೆಯಲ್ಲಿ. ಮೈಸೂರು ಸೀಮೆಯ ನೈಸ್ ಶಿಲೆಗಳ ವಯಸ್ಸು ಬಹುತೇಕ ಕಡೆ 250 ಕೋಟಿ ವರ್ಷವನ್ನು ದಾಟುತ್ತದೆ. ಅವುಗಳೊಳಗಿನ ಮುಖ್ಯ ಖನಿಜವಾದ ಫೆಲ್ಡ್‌ಸ್ಪಾರ್‌ನಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅದರ ಸೀಸ ಹಳೆಯ, ಕಡಿಮೆ ಅನುಪಾತವನ್ನೇ ಉಳಿಸಿಕೊಂಡಿರುತ್ತದೆ. ಅದೇ ಬಂಡೆಯ ಅಲನೈಟ್, ಅಪಟೈಟ್‌ನಂತಹ ಸಣ್ಣ ಹರಳುಗಳಲ್ಲಿ ಯುರೇನಿಯಂ, ಥೋರಿಯಂ ಇರುವುದರಿಂದ ಅಲ್ಲಿ ಹುಟ್ಟಿದ ಸೀಸದ ಅನುಪಾತ ಬಹಳ ಹೆಚ್ಚು. ಬಂಡೆ ಶಿಥಿಲವಾಗುವಾಗ ಈ ಹರಳುಗಳು ಮೊದಲು ಕರಗಿ, ಅವುಗಳ ಸೀಸ ಜೇಡಿಯ ಕಣಗಳಿಗೂ ಕಬ್ಬಿಣದ ಆಕ್ಸೈಡಿನ ಲೇಪಕ್ಕೂ ಅಂಟಿಕೊಂಡು ನೀರಿನೊಡನೆ ಸಾಗುತ್ತದೆ. ಆದ್ದರಿಂದ ಇಡೀ ಬಂಡೆಯ ಅನುಪಾತವೇ ನದಿಯ ಸೀಸದ ಅನುಪಾತವಾಗಿರಬೇಕಿಲ್ಲ. ಬಂಡೆಯನ್ನೇ ನಂಬಿ ಲೆಕ್ಕ ಹಾಕಿದವರು, ಸಹಜವಾಗಿ ಬಂದ ಸೀಸವನ್ನೂ ಯಾವುದೋ ಕಾರ್ಖಾನೆಯ ತಲೆಗೆ ಕಟ್ಟಬಹುದು, ಇಲ್ಲವೇ ಕಾರ್ಖಾನೆಯ ಸೀಸವನ್ನು ಸಹಜವೆಂದು ಬಿಟ್ಟುಬಿಡಬಹುದು. ಎರಡೂ ಅನ್ಯಾಯವೇ.

ನಮಗೆ ಬೇಕಾಗಿದ್ದುದು ಮನುಷ್ಯರ ಸೀಸ ಸೇರುವ ಮೊದಲೇ ನದಿ ಹಾಕಿಹೋದ ಮೆಕ್ಕಲು. ನದಿಯ ಈಗಿನ ತಳದ ಹೂಳು ಅದಕ್ಕೆ ತಕ್ಕುದಲ್ಲ. ಪ್ರವಾಹ ಕೊರೆದು ನಿಲ್ಲಿಸಿದ ಎತ್ತರದ ದಂಡೆಯಲ್ಲಿ ನುಣುಪಾದ ಜೇಡಿಯೂ ಮರಳೂ ಒಂದರ ಮೇಲೊಂದು ಪಟ್ಟಿಗಳಾಗಿ ಕಾಣುತ್ತಿದ್ದವು. ಮುಖದ ಮಣ್ಣನ್ನು ಒಂದು ಗೇಣು ಒಳಗಿನವರೆಗೆ ಪ್ಲಾಸ್ಟಿಕ್ ಕರಣೆಯಿಂದ ಕೆತ್ತಿ ಎಸೆದು, ಬುಡದ ಬೂದು ಬಣ್ಣದ ಜೇಡಿಯನ್ನು ಆಮ್ಲದಲ್ಲಿ ತೊಳೆದ ಡಬ್ಬಿಗಳಿಗೆ ತುಂಬಿದೆವು. ಲೋಹದ ಉಪಕರಣ ಮುಟ್ಟಿಸಲಿಲ್ಲ. ಬೇರು ಇಳಿದ ಜಾಗಗಳನ್ನು ಬಿಟ್ಟೆವು, ಏಕೆಂದರೆ ಬೇರಿನ ದಾರಿಯಲ್ಲಿ ಮೇಲಿನ ಮಣ್ಣು ಕೆಳಕ್ಕೆ ಇಳಿದಿರುತ್ತದೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತದ್ದು 2000ದಲ್ಲಿ; ಅಷ್ಟರವರೆಗೆ ರಸ್ತೆಗಳಿಂದ ಎದ್ದ ಸೀಸ ಮೇಲ್ಪದರಗಳಲ್ಲಿ ಇದ್ದೇ ಇರುತ್ತದೆ. ಆರಿಸಿದ ಪದರ ನಿಜಕ್ಕೂ ಹಳೆಯದೇ ಎಂದು ಪರೀಕ್ಷಿಸಲು ಸೀಸದ್ದೇ ಮತ್ತೊಂದು ಐಸೋಟೋಪಾದ, 22 ವರ್ಷ ಅರ್ಧಾಯುಷ್ಯದ ಸೀಸ-210 ನೆರವಾಗುತ್ತದೆ. ಗಾಳಿಯಿಂದ ಬಿದ್ದ ಅದರ ಅಂಶ ನೂರು ವರ್ಷ ದಾಟಿದ ಪದರಗಳಲ್ಲಿ ಅಳತೆಗೆ ಸಿಗುವಷ್ಟು ಉಳಿಯುವುದಿಲ್ಲ. ಹಳೆಯ ಪದರ ಇಲ್ಲಿ ಮತ್ತೊಂದು ಕಾರಣಕ್ಕೂ ಮುಖ್ಯ. ಕನ್ನಂಬಾಡಿ ಕಟ್ಟೆಯೂ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆಯೂ ಮೇಲಿನ ಹೂಳನ್ನು ತಡೆದು ನಿಲ್ಲಿಸುತ್ತಿರುವುದರಿಂದ, ನಮ್ಮ ಮಣ್ಣು ಕಡಲಿಗೆ ಧಾರಾಳವಾಗಿ ಹೋಗುತ್ತಿದ್ದ ಕಾಲದ ಗುರುತು ಕರಾವಳಿಯಲ್ಲೂ ಆಳದ ಪದರಗಳಲ್ಲೇ ಇರಬೇಕು.

ಮಧ್ಯಾಹ್ನ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಯಜಮಾನರು ತಮ್ಮ ಬಲೆಯ ಅಂಚನ್ನು ಎತ್ತಿ ತೋರಿಸಿದರು. ಅಂಚಿನುದ್ದಕ್ಕೂ ಬೂದುಬಣ್ಣದ ಗುಂಡುಗಳು ಪೋಣಿಸಿದ್ದವು. ಕೆಲವು ಕಲ್ಲಿಗೆ ಉಜ್ಜಿ ಸವೆದು ಚಪ್ಪಟೆಯಾಗಿ ಹೊಳೆಯುತ್ತಿದ್ದವು. "ಇದೂ ಸೀಸಾನೇ ಸಾ. ಹಳೇ ಬ್ಯಾಟ್ರಿ ಪ್ಲೇಟು ಕರಗಿಸಿ ಹುಯ್ಕೊತೀವಿ" ಎಂದರು. ಸವೆದ ಆ ಸೀಸವೆಲ್ಲ ಹೊಳೆಯ ತಳಕ್ಕೇ ಸೇರಿತ್ತು. ಬ್ಯಾಟರಿಯ ಸೀಸ ಹಲವು ಸಲ ಕರಗಿ, ಹಲವು ದೇಶಗಳ ಅದಿರುಗಳು ಒಂದರೊಳಗೊಂದು ಬೆರೆತು ಬಂದದ್ದಾಗಿರಬಹುದು. ಅಂಥದ್ದರ ಅನುಪಾತ ನೋಡಿ ಇಂಥ ಗಣಿಯದೇ ಎಂದು ಹೇಳಲು ಬರುವುದಿಲ್ಲ. ಈ ವಿಧಾನದ ನಿಜವಾದ ಬಲವಿರುವುದು, ನನ್ನ ತಿಳಿವಳಿಕೆಯಲ್ಲಿ, ಇಂಥ ಮೂಲದಿಂದ ಬಂದಿರಲಾರದು ಎಂದು ತಳ್ಳಿಹಾಕುವುದರಲ್ಲಿ. ಎರಡೇ ಮೂಲಗಳ ಮಿಶ್ರಣವಾದರೆ ಎರಡು ಅನುಪಾತಗಳ ನಕ್ಷೆಯಲ್ಲಿ ಮಾದರಿಗಳು ಒಂದೇ ಗೆರೆಯ ಮೇಲೆ ಬೀಳಬೇಕು. ಗೆರೆ ಬಿಟ್ಟು ನಿಂತರೆ ಮೂರನೆಯ ಮೂಲವೊಂದಿದೆ ಎಂದರ್ಥ.

ಕೇಳಿದ ಕೂಡಲೇ ಯಜಮಾನರು ಒಂದು ಗುಂಡನ್ನು ಬಿಚ್ಚಿ ಕೊಟ್ಟರು. ಅದರ ಒಂದು ಚೂರು ತಾಗಿದರೂ ಜೇಡಿಯ ಮಾದರಿಗಳು ಕೆಡುತ್ತವೆಂದು ಎರಡು ಚೀಲಗಳೊಳಗೆ ಕಟ್ಟಿ, ಡಬ್ಬಿಗಳಿಂದ ದೂರ, ಕಾರಿನ ಮುಂದಿನ ಸೀಟಿನಡಿ ಇಟ್ಟೆವು. ಪ್ರಯೋಗಾಲಯದಲ್ಲಿ ಜೇಡಿಯನ್ನೆಲ್ಲ ಜರಡಿ ಹಿಡಿದು, ತೆಳು ಆಮ್ಲದಲ್ಲಿ ಸೀಸವನ್ನು ಬಿಡಿಸಿ ಮುಗಿಸಿದ ಮೇಲಷ್ಟೇ ಅದನ್ನು ಬಿಚ್ಚುವುದೆಂದೂ, ಮೂಲಗಳ ಪಟ್ಟಿಯಲ್ಲಿ ಪೆಟ್ರೋಲು, ಬಣ್ಣಗಳ ಜೊತೆಗೆ ಬಲೆಯ ಗುಂಡಿಗೂ ಒಂದು ಸಾಲು ಸೇರಿಸುವುದೆಂದೂ ದಾರಿಯಲ್ಲೇ ತೀರ್ಮಾನಿಸಿದೆವು.