ಮಣ್ಣು ಮುಚ್ಚಿದ ಟ್ರೇ

"ಬೀಜ ಅಂದ್ಮೇಲೆ ಮಣ್ಣು ಮುಚ್ಚಬೇಕಲ್ವಾ?" ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿರುವ ಮಾತು ಇದೇ. ಕೇಳಿದವನು ನರ್ಸರಿಗೆ ಹೊಸದಾಗಿ ಬಂದ ಸ್ವಯಂಸೇವಕ. ಟ್ರೇಯಲ್ಲಿದ್ದದ್ದು ಕೇಮನ್ ಸೇಜ್, ನಮ್ಮ ತುಳಸಿಯ ಕುಟುಂಬದ್ದೇ ಕಾಡುಗಿಡ. ಕೆರಿಬಿಯನ್ ಸಮುದ್ರದ ಈ ಗ್ರ್ಯಾಂಡ್ ಕೇಮನ್ ದ್ವೀಪ ಬಿಟ್ಟರೆ ಬೇರೆಲ್ಲೂ ಅದು ಸಹಜವಾಗಿ ಬೆಳೆಯುವುದಿಲ್ಲ. ಅವನು ಮೇಲೆ ಅರ್ಧ ಇಂಚು ಮಣ್ಣು ಹರಡಿ, ಧಾರಾಳವಾಗಿ ನೀರು ಹೊಯ್ದಿದ್ದ. ಕೆದಕಿ ನೋಡಿದರೆ ಬೀಜಗಳೆಲ್ಲ ನೆನೆಸಿದ ಕಾಮಕಸ್ತೂರಿಯಂತೆ ಲೋಳೆ ಸುತ್ತಿಕೊಂಡು ಮುದ್ದೆಯಾಗಿದ್ದವು.

ಹುಡುಗ ದಡ್ಡನಲ್ಲ, ಕೈ ಚುರುಕು. ಬೀನ್ಸು, ಕುಂಬಳ ಬಿತ್ತಿದವರು ಯಾರಾದರೂ ಹೀಗೇ ಮಾಡುತ್ತಿದ್ದರು. ಹೇಳಿಕೊಡದೆ ಟ್ರೇ ಕೊಟ್ಟಿದ್ದೇ ತಪ್ಪು.

ಬೀಜ ಮರಳಿಗೆ ಅಂಟಿಕೊಳ್ಳಲು, ತೇವ ಹಿಡಿದಿಡಲು ಆ ಲೋಳೆ ಬೇಕು. ಮೇಲೆ ಮಣ್ಣು ಬಿದ್ದು ಗಾಳಿ ಆಡದಿದ್ದರೆ ಅದೇ ಲೋಳೆಗೆ ಬೂಷ್ಟು ಹಿಡಿಯುತ್ತದೆ. ಎರಡು ಪಾಲು ದಪ್ಪ ಮರಳಿಗೆ ಒಂದು ಪಾಲು ಜರಡಿ ಹಿಡಿದ ಕಾಂಪೋಸ್ಟ್ ಬೆರೆಸಿ ಮೊದಲೇ ಒದ್ದೆ ಮಾಡಿಕೊಳ್ಳಬೇಕು. ಬೀಜವನ್ನು ಒಣಗೈಯಲ್ಲಿ ಬಿಡಿಬಿಡಿಯಾಗಿ ಉದುರಿಸಿ, ಮೆಲ್ಲಗೆ ಒತ್ತಿದರೆ ಸಾಕು. ನೀರು ಕೆಳಗಿನ ತಟ್ಟೆಯಿಂದಲೇ ಏರಬೇಕು. ಮೇಲ್ಮೈ ತೇವವಾದೊಡನೆ ತಟ್ಟೆ ತೆಗೆಯದಿದ್ದರೆ ಮೊಳಕೆ ಬುಡ ಕೊಳೆತು ಒರಗುತ್ತದೆ.

ಬೀಜ ಕೂಡಿಸುವುದು ಇನ್ನೂ ನಾಜೂಕಿನ ಕೆಲಸ. ಒಂದು ಹೂವಿಗೆ ಹೆಚ್ಚೆಂದರೆ ನಾಲ್ಕೇ ಬೀಜ. ತೆನೆ ಕೆಳಗಿನಿಂದ ಮಾಗುವುದರಿಂದ, ತುದಿಯಲ್ಲಿ ಹೂವಿರುವಾಗಲೇ ಬುಡದವು ಉದುರಿಹೋಗಿರುತ್ತವೆ. ಕಂದುಬಣ್ಣಕ್ಕೆ ತಿರುಗಿದ ಭಾಗವನ್ನಷ್ಟೇ ಕಾಗದದ ಲಕೋಟೆಯೊಳಕ್ಕೆ ಬಾಗಿಸಿ ತಟ್ಟಬೇಕು; ಪ್ಲಾಸ್ಟಿಕ್ ಬೆವರುತ್ತದೆ. ಅಂದು ಮಾಗಿದ್ದರಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮುಟ್ಟಬಾರದು. ಒಂದೊಂದು ತಾಯಿಗಿಡಕ್ಕೂ ಬೇರೆ ಲಕೋಟೆ. ದೀರ್ಘಕಾಲ ಇಡಬೇಕಾದವನ್ನು 15 ಡಿಗ್ರಿಯಲ್ಲಿ, ಶೇ 15 ಆರ್ದ್ರತೆಯಲ್ಲಿ ಒಣಗಿಸಿ ಮೈನಸ್ 20ಕ್ಕೆ ಹಾಕುತ್ತಾರೆ.

1967ರ ನಂತರ ಈ ಗಿಡ ಕಾಣಿಸದೆ, ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಹುಡುಕಿಕೊಡಿ ಎಂದು ಇಲ್ಲಿನ ಪರಿಸರ ಇಲಾಖೆ ಜನರಿಗೇ ಸ್ಪರ್ಧೆ ಇಟ್ಟ ಮೇಲೆ, 2007ರಲ್ಲಿ ಮತ್ತೆ ಸಿಕ್ಕಿತು. ನಲವತ್ತು ವರ್ಷ ಯಾರ ಆರೈಕೆಯೂ ಇಲ್ಲದೆ ಉಳಿದ ಗಿಡ! ನಮ್ಮ ಕೈಗೆ ಬಂದ ಮೇಲೆ ಅದಕ್ಕೆ ಕಾದಿರುವ ದೊಡ್ಡ ಅಪಾಯ ಅತಿ ಉಪಚಾರವೇ: ಹೆಚ್ಚು ಗೊಬ್ಬರ, ಹೆಚ್ಚು ನೀರು, ಹೆಚ್ಚು ನೆರಳು. ಅದರ ಸ್ವಭಾವ ತಿಳಿಯದೆ ತೋರಿಸುವ ಪ್ರೀತಿಯಿಂದ ಅದಕ್ಕೆ ಉಪಯೋಗವಿಲ್ಲ.

ಆ ಮುದ್ದೆಯನ್ನು ಒದ್ದೆ ಕುಂಚದಿಂದ ಬಿಡಿಸಿ, ಹೊಸ ಮರಳಿನ ಮೇಲೆ ಹರಡಿದವನೂ ಅದೇ ಹುಡುಗ. ಹನ್ನೊಂದು ಬೀಜ ಬಿಡಿಸಿಕೊಳ್ಳಲೇ ಇಲ್ಲ.