ಸಿಂಗಪುರ, 1942
ಸಿಂಗಪುರದ 1942ನೆಯ ಇಸವಿಯ ಬಗ್ಗೆ ಓದುವಾಗಲೆಲ್ಲ ನನ್ನನ್ನು ಕಾಡುವುದು ಗಡಿಯಾರದ ಸಂಗತಿ. ಫೆಬ್ರವರಿ 15ರಂದು ಬ್ರಿಟಿಷ್ ಸೇನಾಧಿಪತಿ ಪರ್ಸಿವಲ್ ಜಪಾನಿನ ಯಾಮಾಶಿತಾನಿಗೆ ಶರಣಾದ ಬೆನ್ನಲ್ಲೇ ಊರಿನ ಹೆಸರು ಶೋನಾನ್ ಎಂದಾಯಿತು, ಗಡಿಯಾರದ ಮುಳ್ಳುಗಳನ್ನು ಟೋಕಿಯೋ ಸಮಯಕ್ಕೆ ಸರಿಯಾಗಿ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಲಾಯಿತು. ಸೂರ್ಯನಿಗೆ ಮಾತ್ರ ಈ ಆಜ್ಞೆ ತಲುಪಲಿಲ್ಲವೆಂದು ಕಾಣುತ್ತದೆ. ಕೆಲವೇ ದಿನಗಳಲ್ಲಿ ಚೀನೀ ಗಂಡಸರನ್ನು ತಪಾಸಣೆಗೆಂದು ಸಾಲಾಗಿ ನಿಲ್ಲಿಸಿ, ಜಪಾನ್ ವಿರೋಧಿಗಳೆಂಬ ಅನುಮಾನ ಬಂದವರನ್ನು ಚಾಂಗಿಯಂಥ ಕಡಲತೀರಗಳಿಗೆ ಒಯ್ದು ಕೊಂದರು. ಆಮೇಲೆ ಅದೇ ಸಮುದಾಯದಿಂದ, ಮಲಯಾದವರನ್ನೂ ಸೇರಿಸಿ, 5 ಕೋಟಿ ಡಾಲರ್ ‘ಕಾಣಿಕೆ’ಯನ್ನು ಕೇಳಿದರು. ಅಷ್ಟು ಹಣ ಒಟ್ಟಾಗದೆ, ಉಳಿದದ್ದನ್ನು ಸಾಲ ಮಾಡಿ ಕೊಟ್ಟರು. ಬಾಳೆಗಿಡದ ಚಿತ್ರವಿದ್ದ ಹೊಸ ನೋಟುಗಳು ಮಿತಿಯಿಲ್ಲದೆ ಅಚ್ಚಾಗಿ ಬೆಲೆ ಕಳೆದುಕೊಳ್ಳುತ್ತ ಹೋದಂತೆ, ಅಕ್ಕಿ ಸಿಗದ ಜನ ಮರಗೆಣಸು ನೆಟ್ಟು ಹೊಟ್ಟೆ ಹೊರೆಯಬೇಕಾಯಿತು.