ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪಿಸಿ ಆನ್ ಆಗ್ಲಿಲ್ಲ

ತಮ್ಮ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕಲೀತಿದಾನೆ, ತಿಂಗಳುಗಟ್ಲೆ ದುಡ್ಡು ಕೂಡಿಟ್ಟಿದ್ದ, ಹೋದ ಶನಿವಾರ ಇಬ್ರೂ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತಂದ್ವಿ. ಮದರ್‌ಬೋರ್ಡಿನ ಸ್ಲಾಟಿಗೆ ಕೂರಿಸಿ ಪವರ್ ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತೋಯ್ತು, ಮತ್ತೆ ಒತ್ತಿದ್ರೂ ಅದೇ ಕಥೆ. "ಅಕ್ಕಾ, ಕಾರ್ಡ್ ಸುಟ್ಟೋಯ್ತಾ?" ಅಂದ, ಅವನ ಮುಖ ನೋಡೋಕಾಗ್ಲಿಲ್ಲ ನಂಗೆ.

ಪ್ಲಗ್ ಕಿತ್ತು, ಕಾರ್ಡ್ ತೆಗ್ದು, ಮಾನಿಟರ್ ಕೇಬಲ್‌ನ ಮದರ್‌ಬೋರ್ಡಿಗೇ ಹಾಕಿ ನೋಡ್ದೆ. ಆರಾಮಾಗಿ ಆನ್ ಆಯ್ತು. ಅಂದ್ರೆ ಪ್ರೊಸೆಸರು, ರ‍್ಯಾಮು ಎಲ್ಲ ಸರಿ ಇದೆ, ಉಳಿದಿದ್ದು ಕಾರ್ಡು, ಇಲ್ಲಾ ಅದಕ್ಕೆ ಹೋಗೋ ಕರೆಂಟು.

ಸ್ಲಾಟ್ ಕೊಡೋದು ಹೆಚ್ಚಂದ್ರೆ 75 ವ್ಯಾಟ್, ಈ ಕಾರ್ಡಿಗೆ 170 ಬೇಕು, ಮಿಕ್ಕಿದ್ದು 8 ಪಿನ್ ಕೇಬಲಿಂದ ಬರ್ಬೇಕು. ನಮ್ಮ ಹಳೇ 400 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ (ಪಿಸಿಗೆಲ್ಲ ಕರೆಂಟ್ ಕೊಡೋ ಡಬ್ಬಿ) ಆ ಕೇಬಲೇ ಇರ್ಲಿಲ್ಲ, ಅದಕ್ಕೆ ಹಾರ್ಡ್‌ಡಿಸ್ಕಿನ ಸಾಟಾ ಪವರ್ ಕನೆಕ್ಟರಿಂದ ಒಂದು ಅಡಾಪ್ಟರ್ ಹಾಕಿದ್ವಿ. ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ, ಸಾಟಾ ಕನೆಕ್ಟರ್ 12 ವೋಲ್ಟಲ್ಲಿ ತಡ್ಕೊಳ್ಳೋದು 54 ವ್ಯಾಟ್ ಅಷ್ಟೇ, 8 ಪಿನ್ನಿಂದ ಕಾರ್ಡ್ 150 ವರೆಗೂ ಎಳೀಬಹುದು, ವೈರ್ ಕರಗಿ ಬೆಂಕಿನೇ ಹತ್ಕೋಬಹುದು. ಎಸ್‌ಎಂಪಿಎಸ್ ತಾನಾಗೇ ಆಫ್ ಆಗಿದ್ದು ನಮ್ಮ ಪುಣ್ಯ.

ಮಾರನೇ ದಿನ 550 ವ್ಯಾಟಿಂದು ತಂದು, 8 ಪಿನ್ ಕೇಬಲ್ ಟಕ್ ಅನ್ನೋವರೆಗೂ ಒತ್ತಿ, ಮಾನಿಟರ್‌ನ ಕಾರ್ಡಿಗೇ ಕನೆಕ್ಟ್ ಮಾಡಿದ್ವಿ. ಒಂದೇ ಸಲಕ್ಕೆ ಸ್ಕ್ರೀನ್ ಬಂತು. ತಮ್ಮ ಊಟಕ್ಕೂ ಏಳ್ದೆ ರೆಂಡರ್ ಹಾಕೊಂಡು ಕೂತ.